ಖಾಲಿ ಪಾಸ್‌ವರ್ಡಿನಿಂದ ಬಂದವರು

ಯಾರೂ ಇಲ್ಲದ ಕಟ್ಟಡದಲ್ಲಿ ದಿನಾ ಬೆಳಿಗ್ಗೆ ಆರು ಹತ್ತಕ್ಕೆ ಯಾರೋ ನಮ್ಮ ಯಂತ್ರದ ಬಾಗಿಲು ತಟ್ಟುತ್ತಿದ್ದರು. ಒಂದು ಸಲವಲ್ಲ, ಎರಡು ಸಲವಲ್ಲ, ನೂರಿಪ್ಪತ್ತಮೂರು ಸಲ. ಒಂಬತ್ತು ದಿನ ನಾನು ಅದನ್ನು ನೋಡಿದೆ, ಸಂತೋಷಪಟ್ಟೆ, ಪಕ್ಕದ ಕಾಲಮ್ಮಿನಲ್ಲಿ ‘ಪಾಸ್’ ಅಂತ ಬರೆದೆ.

ನನಗೆ ತಲೆ ಸರಿಯಿಲ್ಲ ಅಂದುಕೊಳ್ಳುವ ಮುಂಚೆ ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಹೆಸರು ಶಕುಂತಳಾ, ವಯಸ್ಸು ನಲವತ್ತನಾಲ್ಕು. ಊರು ಹೊಂಗಲ್ಲು, ಆಂಧ್ರದ ಗಡಿಗೆ ಹತ್ತಿರ. ಇಲ್ಲಿದ್ದ ಚಿನ್ನದ ಗಣಿ ಮುಚ್ಚಿ ಮೂವತ್ತು ವರ್ಷವಾಯಿತು. ಗಣಿಯ ಹಳೇ ಕಚೇರಿಯಲ್ಲಿ ಈಗ ನಮ್ಮ ಪರೀಕ್ಷಾಲಯ ಇದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಸಾಗಿಸುವ ತಂತ್ರಾಂಶವನ್ನು ಆಸ್ಪತ್ರೆಗಳು, ಬ್ಯಾಂಕುಗಳು ಬಳಸುತ್ತವಲ್ಲ, ಅದನ್ನು ಅವರ ಕೈಗೆ ಕೊಡುವ ಮುಂಚೆ ನಾವಿಲ್ಲಿ ಹಿಂಸೆ ಕೊಟ್ಟು ನೋಡುತ್ತೇವೆ. ಸುಳ್ಳು ಹೆಸರು ಹೇಳುವುದು, ಅರ್ಧ ಫೈಲು ಹೋದಾಗ ವೈರು ಕೀಳುವುದು, ಒಂದೇ ಫೈಲನ್ನು ಸಾವಿರ ಸಲ ಕಳಿಸುವುದು. ಇದಕ್ಕಾಗಿಯೇ ಒಂದು ಪರೀಕ್ಷಾ ಜಾಲ ಇದೆ. ಅದರಲ್ಲಿ ಎಂಟು ಯಂತ್ರ, ಹೊರಗಿನ ಲೋಕಕ್ಕೂ ಅದಕ್ಕೂ ಒಂದು ನೂಲಿನ ಸಂಬಂಧವೂ ಇಲ್ಲ. ಹಾಗಂತ ನಾವು ನಂಬಿದ್ದೆವು.

ನನ್ನ ಪಾಲಿಗೆ ಬಂದಿದ್ದು ಖಾಲಿ ಪಾಸ್‌ವರ್ಡಿನ ವಿಷಯ. ‘ಯಾರು ನೀನು, ಗುಟ್ಟಿನ ಮಾತು ಹೇಳು’ ಅಂತ ಯಂತ್ರ ಕೇಳುತ್ತದೆ. ಬಂದವನು ಏನೂ ಹೇಳದೆ ಸುಮ್ಮನೆ ಎಂಟರ್ ಒತ್ತುತ್ತಾನೆ. ಆ ಮೌನವನ್ನೇ ಉತ್ತರ ಅಂತ ಒಪ್ಪಬೇಕೋ, ಉತ್ತರವೇ ಬಂದಿಲ್ಲ ಅಂತ ಓಡಿಸಬೇಕೋ? ಕೇಳಲು ಸಣ್ಣ ವಿಷಯ, ಇದರ ಮೇಲೆ ನನ್ನ ನಾಲ್ಕು ವರ್ಷ ಕಳೆದಿದೆ. ನಮ್ಮ ಮೂರನೇ ಯಂತ್ರಕ್ಕೆ ಪರೀಕ್ಷೆಗಾಗಿ ಒಂದು ನಿಯಮ ಹಾಕಿದ್ದೆವು: ಹೆಸರು ಏನಾದರೂ ಇರಲಿ, ಪಾಸ್‌ವರ್ಡ್ ಖಾಲಿ ಇದ್ದರೆ ಒಳಗೆ ಬಿಡು. ಈ ವರ್ಷ ಎಲ್ಲೋ ಒಂದು ಕಡೆ ಇಂಥದ್ದೇ ಬಾಗಿಲಿನಿಂದ ಕಳ್ಳರು ನುಗ್ಗಿದರಂತೆ, ಮುಖ್ಯ ಕಚೇರಿಯಿಂದ ಪತ್ರ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮವರು ನಿಸ್ಸೀಮರು. ಹೊಸ ಆವೃತ್ತಿ ಖಾಲಿ ಪಾಸ್‌ವರ್ಡನ್ನು ಒಪ್ಪಬಾರದು, ಮೂರು ಸಲ ಕೇಳಿ ಬಾಗಿಲು ಹಾಕಿಬಿಡಬೇಕು. ನಾನು ಅದನ್ನು ಮೂರನೇ ಯಂತ್ರಕ್ಕೆ ಹಾಕಿದೆ. ಮರುದಿನದಿಂದಲೇ ‘ಪಾಳಿ’ ಅನ್ನುವ ಹೆಸರಿನವರು ಖಾಲಿ ಪಾಸ್‌ವರ್ಡ್ ಹಿಡಿದು ಬಂದರು, ಹೊಸ ಆವೃತ್ತಿ ಅವರನ್ನು ವಾಪಸ್ ಕಳಿಸಿತು. ನಮಗೆ ಬೇಕಾಗಿದ್ದೂ ಅದೇ. ಅದಕ್ಕೇ ‘ಪಾಸ್’.

ಹತ್ತನೇ ದಿನ ಚಹಾ ಕುಡಿಯುವಾಗ ನಮ್ಮ ಮುಖ್ಯಸ್ಥರು ಕಾಮತ್ ಸರ್ ಹೇಳಿದರು, “ಶಕುಂತಳಾ ಅವರೇ, ನೀವು ಬೆಳಿಗ್ಗೆ ಹೊತ್ತಿಗೆ ಹಾಕಿಟ್ಟ ಆ ಆಟೋಮ್ಯಾಟಿಕ್ ಪರೀಕ್ಷೆ ಭಾರೀ ಚೆನ್ನಾಗಿದೆ ಮಾರಾಯ್ರೇ. ಒಂದು ದಿನವೂ ತಪ್ಪಿಲ್ಲ.”

“ನಂದಲ್ಲ ಸರ್. ಅದು ನೀವು ಹಾಕಿದ್ದಲ್ವಾ?”

ಅವರು ಲೋಟ ಕೆಳಗಿಟ್ಟರು. ಪರೀಕ್ಷಾಲಯದಲ್ಲಿ ಇರುವವರೇ ನಾವಿಬ್ಬರು, ಒಬ್ಬ ಕಾವಲುಗಾರ. ಕಾವಲುಗಾರನಿಗೆ ಕಂಪ್ಯೂಟರ್ ಅಂದರೆ ಧೂಳು ಒರೆಸುವ ವಸ್ತು. ಒಂಬತ್ತು ದಿನ ನಾನು ಅವರ ಜಾಣತನ ಮೆಚ್ಚಿದ್ದೆ, ಅವರು ನನ್ನದು ಮೆಚ್ಚಿದ್ದರು.

ಆಮೇಲೆ ಹಳೇ ದಾಖಲೆ ತೆಗೆದು ನೋಡಿದೆವು. ಮೂರನೇ ಯಂತ್ರದ ಒಂದು ಮೂಲೆಯಲ್ಲಿ ಯಾರೂ ತೆರೆಯದ ಒಂದು ಫೋಲ್ಡರ್ ಇತ್ತು. ಅದರಲ್ಲಿ ನಾಲ್ಕು ವರ್ಷದ ಫೈಲುಗಳಿದ್ದವು. ದಿನಕ್ಕೆ ನಲವತ್ತೊಂದು. ಒಂದೊಂದರ ಹೆಸರೂ ಬರೀ ಸಂಖ್ಯೆ, ಒಂದರಿಂದ ನಲವತ್ತೊಂದು. ಒಳಗೆ ಇನ್ನೊಂದು ಸಣ್ಣ ಸಂಖ್ಯೆ, ಅಷ್ಟೇ. ಬಾಗಿಲು ಹಾಕಿದ ಮೇಲೆ ಒಬ್ಬೊಬ್ಬರೂ ಮೂರು ಮೂರು ಸಲ ತಟ್ಟಿದ್ದರು, ಅದೇ ನೂರಿಪ್ಪತ್ತಮೂರು. ನಾನು ಗಮನಿಸಿರಲಿಲ್ಲ, ಕೊನೆಯ ದಿನಗಳಲ್ಲಿ ಲೆಕ್ಕ ಇಳಿದು ನೂರ ಎರಡಕ್ಕೆ ಬಂದಿತ್ತು. ತಟ್ಟಿ ತಟ್ಟಿ ಸೋತರು ಪಾಪ ಅಂದುಕೊಂಡೆ.

ಕಾಮತ್ ಸರ್‌ಗೆ ಹೆದರಿಕೆ, ನನಗೆ ಕುತೂಹಲ. ಹೊರಗಿನಿಂದ ನೂಲೂ ಬರದ ಜಾಲಕ್ಕೆ ಇವರು ಬಂದದ್ದು ಹೇಗೆ? ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಮನೆಗೆ ಹೋದರೆ ಅಲ್ಲಿ ಬೇರೆಯೇ ರಗಳೆ. ನಮ್ಮದು ಮೂರನೇ ಲೈನಿನ ಮನೆ. ಗಣಿ ಕಾರ್ಮಿಕರಿಗೆ ಅಂತ ಕಟ್ಟಿದ್ದ ಸಾಲುಮನೆಗಳನ್ನು ಇಲ್ಲಿ ಲೈನು ಅನ್ನುತ್ತಾರೆ. ಹಿತ್ತಲಲ್ಲಿ ನಮ್ಮನೆಯವರು ನಂಜುಂಡ ಅವರ ಬೇಕರಿ, ಮದುವೆಯಾದ ವರ್ಷ ಅವರೇ ಕೈಯಾರೆ ಕಟ್ಟಿದ ಇಟ್ಟಿಗೆಯ ಭಟ್ಟಿ. ಅವತ್ತು ತಟ್ಟೆಯಲ್ಲಿ ಒಂದು ಕೇಕ್ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು.

“ನೋಡು ಶಕ್ಕು. ಈ ಕಡೆ ಎರಡು ಬೆರಳು ಎತ್ತರ, ಆ ಕಡೆ ಒಂದು ಬೆರಳು. ತಿಂಗಳಿಂದ ಹಿಂಗೇ ಬರ್ತಿದೆ.”

“ಮೈದಾ ಬದಲಾಯಿಸಿ ನೋಡಿ.”

“ಬದಲಾಯಿಸಿದೆ ಕಣೇ. ಟ್ರೇ ಬದಲಾಯಿಸಿದೆ. ನೆಲವೇ ವಾಲಿದೆ ಅನ್ಸುತ್ತೆ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಅಂದು ಒಳಗೆ ಹೋದೆ. ಮಗಳು ಇಂಚರ ಕಿಸಕ್ಕನೆ ನಕ್ಕಳು. ಅವರು ಆ ವಾಲಿದ ಕೇಕನ್ನೇ ಚಾಕುವಿನಿಂದ ಸಮ ಮಾಡಿ ಅಂಗಡಿಗೆ ತೆಗೆದುಕೊಂಡು ಹೋದರು.

ಮೂರನೇ ಯಂತ್ರಕ್ಕೆ ಹಳೇ ಆವೃತ್ತಿಯನ್ನೇ ವಾಪಸ್ ಹಾಕುತ್ತೇನೆ ಅಂತ ನಾನು ಅವತ್ತು ರಾತ್ರಿ ಫೋನಿನಲ್ಲೇ ಕಾಮತ್ ಸರ್ ಹತ್ತಿರ ಹಟ ಹಿಡಿದೆ. ಮರುದಿನ ಐದೂವರೆಗೇ ಬಂದು ಅದನ್ನು ಹಾಕಿ ಪರದೆಯ ಮುಂದೆ ಕೂತೆ. ಆರು ಹತ್ತಕ್ಕೆ ಸರಿಯಾಗಿ ಬಂದರು. ಹೆಸರು ಪಾಳಿ, ಪಾಸ್‌ವರ್ಡ್ ಖಾಲಿ, ಬಾಗಿಲು ತೆರೆಯಿತು, ಒಂದು ಫೈಲು ಇಟ್ಟರು, ಹೋದರು. ಒಬ್ಬರ ಹಿಂದೆ ಒಬ್ಬರು, ನೂಕುನುಗ್ಗಲಿಲ್ಲ. ಎಣಿಸಿದೆ, ಮೂವತ್ತನಾಲ್ಕು. ಏಳು ಜನ ಕಡಿಮೆ.

ಆಮೇಲೆ ಮೂರನೇ ಯಂತ್ರದ ಬೆನ್ನಿನ ವೈರುಗಳನ್ನು ಒಂದೊಂದೇ ಕೀಳುತ್ತಾ, ಗೋಡೆ ಹಿಡಿದು ಹುಡುಕುತ್ತಾ ಹೋದೆ. ಒಂದು ಕಪ್ಪು ಕೇಬಲ್ ಗೋಡೆಯೊಳಗೆ ನುಗ್ಗಿ, ಅಂಗಳ ದಾಟಿ, ಸಿಮೆಂಟ್ ಹಾಕಿ ಮುಚ್ಚಿದ ಹಳೇ ಗಣಿಬಾವಿಯ ಕಟ್ಟೆಯ ಹತ್ತಿರ ನೆಲಕ್ಕಿಳಿದಿತ್ತು. ಪರೀಕ್ಷಾಲಯ ಕಟ್ಟುವಾಗ ವೈರಿಂಗ್ ಮಾಡಿದವನು ನಮ್ಮೂರಿನವನೇ. ಗಣಿ ಕಾಲದ ವಸ್ತು ಅಂದರೆ ಇಲ್ಲಿನವರಿಗೆ ದೇವರು ಕೊಟ್ಟ ವಸ್ತು, ಬಿಸಾಕಲು ಮನಸ್ಸು ಬರುವುದಿಲ್ಲ. ಹೊಸ ಕೇಬಲ್ ಯಾಕೆ ದಂಡ, ಇದೇ ಇನ್ನೂ ನೂರು ವರ್ಷ ಬರುತ್ತೆ ಅಂತ ಹಳೆಯದಕ್ಕೇ ನಮ್ಮ ಜಾಲವನ್ನು ಜೋಡಿಸಿಬಿಟ್ಟಿದ್ದಾನೆ. ಅದರ ಇನ್ನೊಂದು ತುದಿ ಎಲ್ಲಿದೆ ಅಂತ ಅವನು ನೋಡಲಿಲ್ಲ, ನಾವೂ ಕೇಳಲಿಲ್ಲ.

ಅಂದರೆ ಈ ಪಾಳಿಯವರು ಬರುತ್ತಿದ್ದುದು ಕೆಳಗಿನಿಂದ.

ಊರಲ್ಲಿ ಇದನ್ನು ಕೇಳಬಹುದಾದವರು ಒಬ್ಬರೇ, ಮುನಿಸ್ವಾಮಪ್ಪ. ವಯಸ್ಸು ಎಂಬತ್ತರ ಹತ್ತಿರ. ಗಣಿಯ ಬಿಲ್ಲೆ ಕಿಟಕಿಯಲ್ಲಿ ಮೂವತ್ತೆರಡು ವರ್ಷ ಕೂತವರು. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ಕಿಟಕಿಯಲ್ಲಿ ಕೊಡಬೇಕು, ಇವರು ಅದನ್ನು ಮೊಳೆಗೆ ನೇತುಹಾಕಬೇಕು. ಮೇಲೆ ಬಂದವನು ತನ್ನ ಬಿಲ್ಲೆ ತೆಗೆದುಕೊಂಡು ಮನೆಗೆ ಹೋಗಬೇಕು. ನನ್ನ ಅಪ್ಪನ ಬಿಲ್ಲೆಯನ್ನೂ ಅವರೇ ನೇತುಹಾಕುತ್ತಿದ್ದರು, ಅದಕ್ಕೇ ನಾನು ಅವರನ್ನು ಮಾಮ ಅನ್ನುವುದು. ನಾಲ್ಕನೇ ಲೈನಿನಲ್ಲಿ ಮೊಮ್ಮಕ್ಕಳ ಗಲಾಟೆಯ ನಡುವೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತಾ ಎಲ್ಲ ಹೇಳಿದೆ.

“ಗೂಟಗಳಮ್ಮಾ ಅವು,” ಅಂದರು. “ಇನ್ನೂ ಬದುಕವಾ? ಭೇಷ್.”

ಗಣಿ ಮುಚ್ಚುವ ವರ್ಷ ಹೊರಗಿನಿಂದ ಒಬ್ಬ ಇಂಜಿನಿಯರು ಬಂದು, ಕೆಳಗಿನ ಬಂಡೆಗಳಿಗೆ ಗಾಜಿನ ಗೂಟ ಹೊಡೆಸಿದನಂತೆ. ನಲವತ್ತೊಂದು ಗೂಟ. ಅವಕ್ಕೆ ಬ್ಯಾಟರಿ ಇಲ್ಲ. ಮೇಲಿನ ಬಂಡೆಯ ಭಾರ ಗೂಟವನ್ನು ಅಮುಕುತ್ತದಲ್ಲ, ಆ ಅಮುಕಿನಿಂದಲೇ ಒಂದು ಚೂರು ವಿದ್ಯುತ್ತು ಹುಟ್ಟುತ್ತದೆ. ದಿನವಿಡೀ ಕೂಡಿಟ್ಟುಕೊಂಡು ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಒಂದು ಮಾತು ಆಡುತ್ತದೆ: ನಾನು ಇಷ್ಟನೇ ನಂಬರು, ನನ್ನ ಮೇಲೆ ಇಷ್ಟು ಭಾರ. ಬಂಡೆಯಿಂದ ಬಂಡೆಗೆ ಆ ಮಾತು ಸಾಗಿ, ಬಾವಿಯ ಬಾಯಲ್ಲಿರುವ ಪೆಟ್ಟಿಗೆಗೆ ಬಂದು, ಅಲ್ಲಿಂದ ಕೇಬಲ್ಲಿಗೆ. ಕೇಬಲ್ಲಿನ ತುದಿಯಲ್ಲಿ ಯಾವ ಯಂತ್ರ ಬಾಗಿಲು ತೆರೆದರೂ ಸರಿ, ಅಲ್ಲಿ ಫೈಲು ಇಟ್ಟು ಹೋಗುತ್ತದೆ. ಗಣಿ ಮುಚ್ಚಿದ ಮೇಲೆ ಕೇಳುವವರೇ ಇರಲಿಲ್ಲ. ಇಪ್ಪತ್ತಾರು ವರ್ಷ ಬಾಗಿಲು ಹುಡುಕಿ, ಕೊನೆಗೆ ನಮ್ಮ ಮೂರನೇ ಯಂತ್ರ ಸಿಕ್ಕಿತ್ತು.

“ಪಾಸ್‌ವರ್ಡ್ ಯಾಕೆ ಖಾಲಿ ಬಿಟ್ರು ಮಾಮ?”

“ನಾನೇ ಬಿಡಿಸಿದ್ದು. ಒಂದ್ಸಲ ಒಳಗೆ ಹಾಕಿ ಸೀಲ್ ಮಾಡಿದ್ರೆ ಮತ್ತೆ ಬದಲಾಯಿಸಕ್ಕಾಗಲ್ಲ, ಏನು ಹಾಕ್ಲಿ ಅಂತ ಕೇಳ್ದ ಆ ಇಂಜಿನಿಯರು. ಏನೂ ಹಾಕ್ಬೇಡಪ್ಪ ಅಂದೆ. ನಾಳೆ ಮೇಲಿನ ಆಫೀಸ್ನೋರು ತಮ್ಮ ಗುಟ್ಟು ಬದಲಾಯಿಸ್ಕೊಂಡ್ರೆ ಕೆಳಗಿರೋರಿಗೆ ಯಾರು ಹೋಗಿ ಹೇಳ್ತಾರೆ? ಕೆಳಗಿಂದ ಜೀವ ಹಿಡ್ಕೊಂಡು ಮೇಲೆ ಬಂದೋನ್ನ ನೀನ್ಯಾರು ಅಂತ ಬಾಗಿಲಲ್ಲಿ ನಿಲ್ಲಿಸಬಾರದಮ್ಮ.”

ನಾನು ಚೀಟಿ ತೆಗೆದು, ಬಂದ ಮೂವತ್ತನಾಲ್ಕು ನಂಬರು ಓದಲು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು.

“ಬಂದೋರ ಪಟ್ಟಿ ನಂಗ್ಯಾಕಮ್ಮ? ಬಂದೋರು ಮನೆಗೆ ಹೋದ್ರು. ಮೊಳೇಲಿ ನೇತಾಡ್ತಿರೋದು ಹೇಳು.”

ಅಷ್ಟು ಹೊತ್ತೂ ನಾನು ಬಂದವರನ್ನೇ ನೋಡುತ್ತಿದ್ದೆ. ತೆಗೆದು ಹೇಳಿದೆ: ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು. “ಹಳೇದಾಗಿ ಕೆಟ್ಟಿರಬೇಕು ಮಾಮ.”

ಮುದುಕರ ಕೈ ಅವರೆಕಾಯಿಯ ಮೇಲೆ ನಿಂತಿತು. “ಕೆಡೋದಾದ್ರೆ ಎಲ್ಲೆಲ್ಲೋ ಒಂದೊಂದು ಕೆಡ್ಬೇಕು. ಇವು ಸಾಲಾಗಿ ಅಕ್ಕಪಕ್ಕದವು. ಭಾರ ಇದ್ರೆ ಗೂಟ ಮಾತಾಡ್ತದೆ. ಮಾತು ನಿಲ್ತು ಅಂದ್ರೆ ಮೇಲೆ ಭಾರ ಇಲ್ಲ. ಬಂಡೆ ಬಿಟ್ಕೊಂಡೈತೆ.”

ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಪೆನ್ಸಿಲ್ ಹಿಡಿದು ಬರೆದರು. ಗಣಿಯ ದಾರಿಗಳು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಏಳು ಚುಕ್ಕಿ ಇಟ್ಟು, ಅದರ ಮೇಲೆ ಊರಿನ ರಸ್ತೆ ಎಳೆದರು. ಆ ಚುಕ್ಕಿಗಳು ಮೂರನೇ ಲೈನಿನ ಪೂರ್ವದ ತುದಿಯಿಂದ ಹೊರಟು ನೆಟ್ಟಗೆ ನಮ್ಮ ಬೇಕರಿಯ ಕಡೆಗೆ ಬರುತ್ತಿದ್ದವು. ಅರವತ್ತೆರಡು ಮನೆ, ಇನ್ನೂರ ಹದಿನಾಲ್ಕು ಜನ, ಅದರಲ್ಲಿ ನನ್ನ ಮಗಳು, ನನ್ನ ಗಂಡ.

ಮರುದಿನ ಮೂವತ್ತೆರಡೇ ಬಂದವು. ಇಪ್ಪತ್ತಾರು, ಇಪ್ಪತ್ತೇಳು ಇಲ್ಲ. ಓಡಿಹೋಗಿ ಕಾಮತ್ ಸರ್‌ಗೆ ಹೇಳಿದೆ. ಅವರು ಒಳ್ಳೆಯವರು, ನಗಲಿಲ್ಲ. ತಾಲ್ಲೂಕು ಕಚೇರಿಗೆ ಆಗಲೇ ಫೋನ್ ಮಾಡಿದರು. ಆ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: ಈ ಮಾಹಿತಿ ಕಳಿಸಿದ್ದು ಯಾರು?

ಕಾಮತ್ ಸರ್ ಫೋನಿಟ್ಟು ತಲೆ ಹಿಡಿದುಕೊಂಡರು. “ಏನಂತ ಹೇಳಲಿ ಮಾರಾಯ್ರೇ? ಪಾಸ್‌ವರ್ಡ್ ಇದ್ದಿದ್ದರೆ ಇಂಥವರೇ ಕಳಿಸಿದ್ದು ಅನ್ನಬಹುದಿತ್ತು. ಖಾಲಿ ಬಾಗಿಲಿನಿಂದ ಯಾರು ಬೇಕಾದರೂ ಏನು ಬೇಕಾದರೂ ತಂದಿಡಬಹುದು. ಅದನ್ನೇ ಅಲ್ಲವಾ ನಾವು ಇಷ್ಟು ದಿನ ಹೇಳುತ್ತಾ ಬಂದದ್ದು. ನಮ್ಮ ಮಾತು ನಮಗೇ ತಿರುಗುಬಾಣವಾಯಿತು.”

ನನಗೆ ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಕಳಿಸಿದವರ ಗುರುತಿಲ್ಲದ ಫೈಲನ್ನು ನಂಬಿ ಯಾರು ಅರವತ್ತೆರಡು ಮನೆ ಖಾಲಿ ಮಾಡಿಸುತ್ತಾರೆ? ಹೇಳಿದವರು ಯಾರು ಅಂತ ತೋರಿಸಲಾಗದಿದ್ದರೆ, ಹೇಳಿದ್ದು ನಿಜವಾಗುತ್ತದೆ ಅಂತಲಾದರೂ ತೋರಿಸಬೇಕು. ಮತ್ತೆ ಮಾಮನ ಹತ್ತಿರ ಹೋದೆ.

“ನಾಳೆ ಯಾರು ಬರಲ್ಲ ಅಂತ ಹೇಳ್ತೀರಾ?”

ಅವರು ಕ್ಯಾಲೆಂಡರಿನ ಚುಕ್ಕಿಗಳ ದಾರಿ ಹಿಡಿದು ಬೆರಳನ್ನು ಮುಂದಕ್ಕೆ ಸರಿಸುತ್ತಾ ಹೋದರು. ಮೂರು ನಂಬರು ಬರೆದು, ಚೀಟಿ ಮಡಚಿ, ತಾವೇ ಬಂದು ಕಾಮತ್ ಸರ್ ಕೈಯಲ್ಲಿಟ್ಟರು. “ನಾಳೆ ಬೆಳಿಗ್ಗೆ ಬಿಚ್ಚಿ ಸಾಮಿ. ತಪ್ಪಾದ್ರೆ ಈ ಮುದುಕಂಗೆ ಮರುಳು ಅನ್ನಿ. ಸರಿ ಆದ್ರೆ ಒಂದು ಗಳಿಗೆನೂ ಕೂರಬೇಡಿ.”

ಸಂಜೆ ಮನೆಗೆ ಬಂದು, ಇಂಚರಳ ಕೈಯಿಂದ ಒಂದು ಗೋಲಿ ಇಸಿದುಕೊಂಡು ಬೇಕರಿಯ ನೆಲದ ಮೇಲಿಟ್ಟೆ. ಅದು ತಾನಾಗಿಯೇ ಉರುಳುತ್ತಾ ಹೋಗಿ ಪೂರ್ವದ ಗೋಡೆಗೆ ಬಡಿಯಿತು. ನಂಜುಂಡ ನನ್ನ ಮುಖ ನೋಡಿದರು. ಎಲ್ಲ ಹೇಳಿದೆ, ಆ ಒಂಬತ್ತು ದಿನದ ವಿಷಯ ಒಂದು ಬಿಟ್ಟು.

ಬೆಳಿಗ್ಗೆ ಆರು ಹತ್ತಕ್ಕೆ ಕಾಮತ್ ಸರ್, ಮಾಮ, ನಾನು ಮೂವರೂ ಪರದೆಯ ಮುಂದೆ ಇದ್ದೆವು. ಒಂದು ಬಂತು, ಎರಡು ಬಂತು. ನಾನು ಜೋರಾಗಿ ಓದುತ್ತಾ ಹೋದೆ. ಇಪ್ಪತ್ತೊಂದು, ಇಪ್ಪತ್ತೆರಡು, ಆಮೇಲೆ ಮೂವತ್ತು, ಆಮೇಲೆ ಮೂವತ್ತೆರಡು. ಒಟ್ಟು ಇಪ್ಪತ್ತೊಂಬತ್ತು. ಕಾಮತ್ ಸರ್ ಚೀಟಿ ಬಿಚ್ಚಿದರು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತೊಂದು. ಅವರು ಚಪ್ಪಲಿ ಮೆಟ್ಟಿಕೊಂಡು ಕಾರಿನ ಕಡೆ ನಡೆದರು. ಈ ಸಲ ಫೋನಲ್ಲ, ಮಾಮನನ್ನೂ ಕೂರಿಸಿಕೊಂಡು ತಾಲ್ಲೂಕು ಕಚೇರಿಗೆ ನೇರ ಹೋದರು. ಏನು ಹೇಳಿದರೋ, ಎಷ್ಟು ಕೂಗಾಡಿದರೋ ಗೊತ್ತಿಲ್ಲ. ಹತ್ತೂವರೆಗೆ ಮೂರು ಲಾರಿ, ಪೊಲೀಸ್ ಜೀಪು ಬಂದವು.

ಮನೆ ಬಿಡಿಸುವುದು ಹಲ್ಲು ಕೀಳುವುದಕ್ಕಿಂತ ಕಷ್ಟ. ಒಬ್ಬರು ದೇವರ ಫೋಟೋ ಹುಡುಕುತ್ತಾರೆ, ಒಬ್ಬರು ಕೋಳಿ ಹಿಡಿಯಲು ಓಡುತ್ತಾರೆ. ಎದುರುಮನೆ ಕನಕಮ್ಮನ ಹೊಲಿಗೆ ಯಂತ್ರ ಬಾಗಿಲಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯಿತು, ಅವರ ಅನ್ನ ಅದು. ನಮ್ಮ ಮನೆಯಲ್ಲಿ ನಂಜುಂಡ ಭಟ್ಟಿಯ ಮುಂದೆ ಕೂತುಬಿಟ್ಟಿದ್ದರು.

“ಏಳಿ ರೀ.”

“ಒಳಗೆ ನೂರಾ ಇಪ್ಪತ್ತು ಬನ್ನು ಇದೆ. ಇನ್ನು ಹತ್ತು ನಿಮಿಷ.”

“ಬನ್ನು ಸುಟ್ಟು ಹೋಗಲಿ.”

“ಇದನ್ನ ಬಿಚ್ಚಿ ಇಟ್ಟಿಗೆನಾದ್ರೂ ತಗೊಂಡು ಹೋಗ್ತಿದ್ದೆ ಶಕ್ಕು. ಒಂದು ವಾರ ಮುಂಚೆ ಗೊತ್ತಾಗಿದ್ರೆ.”

ಅವರ ರಟ್ಟೆ ಹಿಡಿದು ಎಳೆದೆ. ಜೀವನದಲ್ಲಿ ಮೊದಲ ಸಲ ಬೀದಿಯವರ ಮುಂದೆ ಗಂಡನನ್ನು ಎಳೆದುಕೊಂಡು ಹೋದೆ.

ಎಲ್ಲರೂ ಶಾಲೆಯ ಮೈದಾನ ಸೇರಿದೆವು. ಅವತ್ತು ಏನೂ ಆಗಲಿಲ್ಲ. ಸಂಜೆಗೆ ಗೊಣಗಾಟ ಶುರುವಾಯಿತು, ಮುದುಕನ ಮಾತು ಕೇಳಿ ಬೀದಿಪಾಲಾದೆವು ಅಂತ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ, ಅನ್ನ ಬಡಿಸುವ ಹೊತ್ತಿಗೆ, ಕಾಲ ಕೆಳಗೆ ನೆಲ ಒಂದು ಸಲ ಗುಡುಗಿತು. ಮೂರನೇ ಲೈನಿನ ಕಡೆ ಕೆಂಪು ಧೂಳು ಎದ್ದಿತು. ಹನ್ನೊಂದು ಮನೆ ಕೆಳಗೆ ಹೋದವು. ನಮ್ಮದು ಐದನೆಯದು, ಕನಕಮ್ಮನದೂ ಹೋಯಿತು. ಒಬ್ಬ ಮನುಷ್ಯನಿಗೂ ಗಾಯವಾಗಲಿಲ್ಲ. ಮುನಿಸ್ವಾಮಪ್ಪ ಶಾಲೆಯ ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟರು.

ಮೂರು ದಿನ ಬಿಟ್ಟು ಪರೀಕ್ಷಾಲಯಕ್ಕೆ ಹೋದೆ. ಇಪ್ಪತ್ತೆರಡು ಗೂಟಗಳು ಇನ್ನೂ ಬರುತ್ತಿದ್ದವು. ಅವು ಉಳಿದ ಲೈನುಗಳ ಕೆಳಗಿನವು. ಅಂದಮೇಲೆ ಬಾಗಿಲು ಹಾಕುವಂತಿಲ್ಲ, ಹಾರು ಹೊಡೆದು ಪೂರ್ತಿ ತೆರೆದು ಬಿಡುವಂತೆಯೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೊಸ ಆವೃತ್ತಿಗೆ ನಾನು ಹೀಗೆ ಬರೆದುಕೊಟ್ಟೆ: ಪಾಸ್‌ವರ್ಡ್ ಖಾಲಿ ಇರುವವರನ್ನು ಹೊಸಿಲವರೆಗೆ ಬಿಡು. ತಂದಿದ್ದನ್ನು ಅಲ್ಲಿ ಇಟ್ಟು ಹೋಗಲಿ. ಒಳಗೆ ಏನಿದೆ ಅಂತ ನೋಡುವುದಾಗಲಿ, ಏನನ್ನಾದರೂ ಎತ್ತಿಕೊಂಡು ಹೋಗುವುದಾಗಲಿ ಸಾಧ್ಯವಾಗಬಾರದು. ಇಟ್ಟು ಹೋದದ್ದನ್ನು ಅವತ್ತೇ ಒಬ್ಬ ಮನುಷ್ಯ ತೆರೆದು ನೋಡಬೇಕು. ಕೊನೆಯ ಸಾಲನ್ನು ಯಾವ ತಂತ್ರಾಂಶಕ್ಕೂ ಕಲಿಸಲಾಗುವುದಿಲ್ಲ ಅಂತ ಕಾಮತ್ ಸರ್ ಅಂದರು. ಇರಲಿ ಸರ್, ನಮಗೆ ಅಂತ ಬರೆದಿದ್ದೇನೆ ಅಂದೆ.

ಆಮೇಲೆ ಅವರು ಸರ್ಕಾರಕ್ಕೆ ಹೋಗುವ ವರದಿಯನ್ನು ಮುಂದಿಟ್ಟರು. ಗೂಟಗಳು ಬಂದ ದಿನಗಳ ಪಟ್ಟಿ, ಬರದ ದಿನಗಳ ಪಟ್ಟಿ. ನಡುವೆ ನಾನು ‘ಪಾಸ್’ ಬರೆದ ಆ ಒಂಬತ್ತು ದಿನದ ಒಂಬತ್ತು ಸಾಲು.

“ಇಷ್ಟನ್ನು ಖಾಲಿ ಬಿಡುವ,” ಅಂದರು ಮೆಲ್ಲಗೆ. “ಯಂತ್ರ ದುರಸ್ತಿಯಲ್ಲಿತ್ತು ಅಂದರೆ ಆಯಿತು. ಯಾರೂ ಕೇಳುವುದಿಲ್ಲ.”

ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕನಕಮ್ಮ ನೆನಪಾದರು. ಮೊದಲ ದಿನವೇ ‘ಯಾರು ಇವರು’ ಅಂತ ಒಂದು ಸಲ ಕೇಳಿದ್ದರೆ ಆ ಹೆಂಗಸು ಹೊಲಿಗೆ ಯಂತ್ರವನ್ನು ಬಿಚ್ಚಿ, ಒರೆಸಿ, ನಿಧಾನವಾಗಿ ಹೊತ್ತುಕೊಂಡು ಹೋಗುತ್ತಿದ್ದರು. ಪೆನ್ನು ತೆಗೆದುಕೊಂಡು ಒಂಬತ್ತೂ ಸಾಲಿನಲ್ಲಿ ಬರೆದೆ: ಬಂದಿದ್ದರು, ತಟ್ಟಿದರು, ನೋಡಿಯೂ ವಿಚಾರಿಸಲಿಲ್ಲ, ಶಕುಂತಳಾ. ಕಾಮತ್ ಸರ್ ಪೆನ್ನು ಇಸಿದುಕೊಂಡು ನನ್ನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದರು.

ವರದಿಯ ಪ್ರತಿಯನ್ನು ಶಾಲೆಯ ಗೋಡೆಗೆ ಅಂಟಿಸಿದರು. ನಂಜುಂಡ ಕನ್ನಡಕ ಹಾಕಿಕೊಂಡು ಎಲ್ಲ ಓದಿದರು, ಆ ಪುಟದ ಹತ್ತಿರ ಬಹಳ ಹೊತ್ತು ನಿಂತರು.

“ಇದು ನೀನಾ?”

“ನಾನೇ.”

“ನಂಗ್ಯಾಕೆ ಹೇಳಲಿಲ್ಲ?”

“ಹೆದರಿಕೆ ಆಯ್ತು.”

ಎಂಟು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೇ ದಿನ ಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಬಂದರು. ಆಸ್ಪತ್ರೆ ರಸ್ತೆಯಲ್ಲಿ ಜಾಗ ಸಿಕ್ಕಿದೆಯಂತೆ, ಕೆಳಗೆ ಗಣಿ ದಾರಿ ಇಲ್ಲ, ಗಟ್ಟಿ ಬಂಡೆ ಅಂತ ಮಾಮ ಹೇಳಿದ್ದಾರಂತೆ.

“ಭಟ್ಟಿ ಕಟ್ಟೋದು ನಾನು,” ಅಂದರು, ಮುಖ ನೋಡದೆ. “ಇಟ್ಟಿಗೆ ಹೊರೋದು ನೀನು. ಒಂದೊಂದೂ ನೀನೇ.”

ಹೊತ್ತೆ. ಆರುನೂರ ಇಪ್ಪತ್ತು ಇಟ್ಟಿಗೆ, ಲಾರಿ ನಿಂತ ಜಾಗದಿಂದ ಹಿತ್ತಲಿನವರೆಗೆ, ಸಲಕ್ಕೆ ಆರು. ಇಂಚರ ಸಹಾಯಕ್ಕೆ ಬಂದರೆ ಬೇಡ ಅಂದೆ. ಅರ್ಧ ಮುಗಿಯುವ ಹೊತ್ತಿಗೆ ಅವರು ಕರಣೆ ಕೆಳಗಿಟ್ಟು ಎದ್ದು ಬಂದು ನನ್ನ ದಾರಿಗೆ ಅಡ್ಡ ನಿಂತರು.

“ಇಳಿಸು ಶಕ್ಕು. ಸೊಂಟ ಹೋಗುತ್ತೆ.”

ನಾನು ಇಳಿಸಲಿಲ್ಲ. ಅವರು ನನ್ನ ತಲೆಯ ಮೇಲಿಂದ ಮೂರು ಎತ್ತಿಕೊಂಡರು, ಮೂರು ನನಗೇ ಬಿಟ್ಟರು. ಇಬ್ಬರೂ ಹಿತ್ತಲಿಗೆ ನಡೆದೆವು.